ಚಿನ್ನದ ತೂಕವಿದೆ, ಉಸಿರಿನ ಲೆಕ್ಕವೆಲ್ಲಿ?



ಕೆಜಿಎಫ್ ಎಂದರೆ ಈಗಿನ ಮಕ್ಕಳಿಗೆ ಒಂದು ಸಿನಿಮಾ. 2018ರಲ್ಲಿ ಮೊದಲನೆಯದು, 2022ರಲ್ಲಿ ಎರಡನೆಯದು ಬಂದ ಮೇಲಂತೂ ಆ ಊರು ಕೋಲಾರ ಜಿಲ್ಲೆಯಲ್ಲಿದೆ, ಅಲ್ಲಿ ಇಂದಿಗೂ ಜನ ವಾಸಿಸುತ್ತಾರೆ ಎಂಬುದೇ ಹಲವರಿಗೆ ಮರೆತುಹೋದಂತಿದೆ. ಇದರ ಜೊತೆಗೆ 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟವು ಅಲ್ಲಿನ 13 ತ್ಯಾಜ್ಯ ದಿಬ್ಬಗಳನ್ನು, ಅಂದರೆ ಸುಮಾರು 1,003 ಎಕರೆಯಲ್ಲಿ ಹರಡಿರುವ ಗಣಿಮಣ್ಣಿನ ರಾಶಿಗಳನ್ನು, ಹರಾಜು ಹಾಕಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಅಂದಿನಿಂದ ನನ್ನ ದೂರವಾಣಿಗೆ ಬಂದ ಸಂದೇಶಗಳಿಗೆ ಲೆಕ್ಕವಿಲ್ಲ. "ಮತ್ತೆ ಚಿನ್ನ ಬರುತ್ತಂತೆ ಮೇಷ್ಟ್ರೇ!" "ನಮ್ಮ ನಾಡಿನ ಗತವೈಭವ ಮರಳಲಿದೆ ಮಾವ!" ಟನ್ ಒಂದಕ್ಕೆ ಎಷ್ಟು ಗ್ರಾಂ ಸಿಗಬಹುದು, ಇಂದಿನ ದರದಲ್ಲಿ ಅದು ಎಷ್ಟು ಕೋಟಿಯಾಗಬಹುದು ಎಂದು ಗುಣಾಕಾರ ಭಾಗಾಕಾರ ಮಾಡಿ ಕಳಿಸಿದವರೂ ಇದ್ದಾರೆ. ನನ್ನ ತರಗತಿಯಲ್ಲಿ ಇಷ್ಟು ಆಸಕ್ತಿಯಿಂದ ಲೆಕ್ಕ ಮಾಡಿದ್ದರೆ ಇವರು ಎಲ್ಲಿರುತ್ತಿದ್ದರೋ!

ಈ ಗತವೈಭವ ಎಂಬ ಮಾತಿಗೇ ನನ್ನ ಆಕ್ಷೇಪ. ಯಾರ ವೈಭವ? 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಕಾಲಿಟ್ಟಂದಿನಿಂದ 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಹೊರಬಂತು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬೆಳಗಿದ್ದು ಕೋಲಾರದ ಗಣಿಯನ್ನು, ಬೆಂಗಳೂರಿನ ಬೀದಿದೀಪಗಳ ಸರದಿ ಬಂದದ್ದು 1905ರಲ್ಲಿ ಎಂಬುದನ್ನೂ ಹೆಮ್ಮೆಯಿಂದ ಹೇಳುತ್ತೇವೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ ಇಳಿದಿತ್ತು ಎನ್ನುವುದು ಸಾಮಾನ್ಯಜ್ಞಾನದ ಪ್ರಶ್ನೆಪತ್ರಿಕೆಯಲ್ಲೂ ಬರುತ್ತದೆ. ಆದರೆ ಆ ಆಳಕ್ಕೆ ಇಳಿದವನ ಎದೆಯೊಳಗೆ ಏನಿಳಿಯಿತು ಎಂಬುದು ಮಾತ್ರ ಯಾವ ಪ್ರಶ್ನೆಪತ್ರಿಕೆಗೂ ಬಂದದ್ದನ್ನು ನಾನು ಕಾಣೆ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಜೀವಶಾಸ್ತ್ರ ಬೋಧಿಸಿದವನು ನಾನು. ಉಸಿರಾಟದ ಪಾಠ ನಿಮಗೆ ನೆನಪಿರಬಹುದು. ಮೂಗಿನ ರೋಮ, ಶ್ವಾಸನಾಳದ ಲೋಳೆ, ಆ ಲೋಳೆಯನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ಲೋಮಗಳು, ಇವೆಲ್ಲ ನಮ್ಮ ಕಾವಲುಗಾರರು ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ದಪ್ಪ ಧೂಳನ್ನು ಈ ಕಾವಲುಗಾರರು ತಡೆಯುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. 5 ಮೈಕ್ರಾನಿಗಿಂತ ಸಣ್ಣ ಕಣ ಕಣ್ಣಿಗೂ ಕಾಣದು, ಕಾವಲಿಗೂ ಸಿಗದು. ಅದು ನೇರವಾಗಿ ಗಾಳಿಚೀಲದೊಳಕ್ಕೆ ಇಳಿಯುತ್ತದೆ. ಅಲ್ಲಿರುವ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ನುಂಗಿದ್ದು ರೋಗಾಣುವಾದರೆ ಜೀರ್ಣವಾದೀತು. ಸ್ಫಟಿಕಶಿಲೆಯ ಚೂರನ್ನು ಜೀರ್ಣಿಸುವುದು ಯಾವ ಕೋಶಕ್ಕೂ ಸಾಧ್ಯವಿಲ್ಲ. ಕೋಶವೇ ಸಾಯುತ್ತದೆ, ಸಾಯುತ್ತ ತನ್ನೊಳಗಿನ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗಲು ಬರುತ್ತದೆ. ಈ ಹೋರಾಟ ನಡೆದಲ್ಲೆಲ್ಲ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಸ್ಪಂಜಿನಂತಿರಬೇಕಾದ ಶ್ವಾಸಕೋಶ ಚಕ್ಕಳದಂತಾಗುತ್ತದೆ. ಇದೇ ಸಿಲಿಕೋಸಿಸ್. ಕಲ್ಲಿದ್ದಲ ಗಣಿಯವರಲ್ಲಿ ಕಪ್ಪು ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಇದರ ದಾಯಾದಿ.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಮ್ಮೆ ಬಂದರೆ ಇದಕ್ಕೆ ಗುಣಪಡಿಸುವ ಔಷಧವಿಲ್ಲ. ಮತ್ತು ಗಣಿಯನ್ನು ಬಿಟ್ಟು ಮನೆಯಲ್ಲಿ ಕುಳಿತ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಒಳಗಿರುವ ಕಣ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹತ್ತು, ಇಪ್ಪತ್ತು ವರ್ಷಗಳ ನಂತರ ಬೇನೆ ತೋರಬಹುದು. ಆದ್ದರಿಂದ "ಗಣಿ 2001ರಲ್ಲೇ ಮುಚ್ಚಿತಲ್ಲ, ಈಗೇಕೆ ಆ ಮಾತು" ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಮುಚ್ಚಿದ್ದು ಶಾಫ್ಟಿನ ಬಾಯಿ, ಮನುಷ್ಯನ ಎದೆಯೊಳಗಿನ ಗಣಿ ಅವನು ಇರುವವರೆಗೂ ತೆರೆದೇ ಇರುತ್ತದೆ.

ಇನ್ನು ಚರಿತ್ರೆಗೆ ಬರೋಣ. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ನಮ್ಮದೇ ಸೀಮೆಯ ಹಳ್ಳಿಗಳಿಂದ ಬಂದ ಬಡವರು, ಅವರಲ್ಲಿ ಬಹುಪಾಲು ದಲಿತರು, ಆ ಗಣಿಗಳಲ್ಲಿ ದುಡಿದರು. ಚಿನ್ನವಿದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಬೆಣಚು ಎಂದರೆ ಅಪ್ಪಟ ಸಿಲಿಕಾ. ಅದನ್ನು ಕೊರೆದು, ಸಿಡಿಸಿ, ಅರೆದು ಹಿಟ್ಟು ಮಾಡದೆ ಚಿನ್ನ ಸಿಗದು. ಹೀಗೆ ಅರವತ್ತು ವರ್ಷ ನಡೆಯಿತು. ಅಲ್ಲಿನ ಕಾರ್ಮಿಕರ ಎದೆಯನ್ನು ದೊಡ್ಡ ಪ್ರಮಾಣದಲ್ಲಿ ಎಕ್ಸ್-ರೇ ಹಿಡಿದು ನೋಡುವ ಕೆಲಸ ನಡೆದದ್ದು 1940 ಮತ್ತು 1946ರ ನಡುವೆ. ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರು 7,653 ಜನರನ್ನು ಪರೀಕ್ಷಿಸಿದಾಗ ಶೇಕಡಾ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಮತ್ತೊಮ್ಮೆ ಓದಿ. ಸಾಲಾಗಿ ನಿಂತ ನೂರು ಜನರಲ್ಲಿ ನಲವತ್ಮೂರು ನಲವತ್ನಾಲ್ಕು ಜನ! ಸಮುದಾಯ ವೈದ್ಯಶಾಸ್ತ್ರದ ಪಠ್ಯಪುಸ್ತಕಗಳು ಭಾರತದಲ್ಲಿ ಸಿಲಿಕೋಸಿಸ್‌ನ ಕಥೆಯನ್ನು ಕೋಲಾರದ ಗಣಿಯಿಂದಲೇ ಆರಂಭಿಸುತ್ತವೆ. ನಮ್ಮ ಕರ್ನಾಟಕದ ಈ "ಮೊದಲು" ಮಾತ್ರ ಯಾವ ಹೆಮ್ಮೆಯ ಪಟ್ಟಿಯಲ್ಲೂ ಇಲ್ಲ.

ಆ ಕ್ಯಾಪ್ಲನ್ ಅವರ ಮುಂದಿನ ಕಥೆ ಸ್ವಾರಸ್ಯಕರ. ಕೋಲಾರದಲ್ಲಿ ವೈದ್ಯರಾಗಿದ್ದ ಆಂಟನಿ ಕ್ಯಾಪ್ಲನ್ ನಂತರ ಬ್ರಿಟನ್ನಿಗೆ ಮರಳಿ, ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಕಲ್ಲಿದ್ದಲ ಗಣಿಗಾರರ ಶ್ವಾಸಕೋಶ ರೋಗವನ್ನು ನಿರ್ಧರಿಸುವ ವೈದ್ಯರ ಮಂಡಲಿಯಲ್ಲಿ ಕೆಲಸ ಮಾಡಿದರು. ಕೀಲುವಾತವಿರುವ ಕಲ್ಲಿದ್ದಲ ಗಣಿಗಾರರ ಎದೆಯಲ್ಲಿ ವಿಶಿಷ್ಟ ರೀತಿಯ ಗಂಟುಗಳು ಕಾಣುತ್ತವೆಂದು 1953ರಲ್ಲಿ ಅವರು ಬರೆದರು. ಆ ಲಕ್ಷಣಕ್ಕೆ ಇಂದಿಗೂ ಜಗತ್ತಿನ ವೈದ್ಯರೆಲ್ಲ ಕ್ಯಾಪ್ಲನ್ ಸಿಂಡ್ರೋಮ್ ಎಂದೇ ಹೆಸರು ಹೇಳುತ್ತಾರೆ. ವೈದ್ಯರ ಹೆಸರು ಉಳಿಯಿತು, ಉಳಿಯಲೇಬೇಕು. ಅವರ ಎಕ್ಸ್-ರೇ ಯಂತ್ರದ ಮುಂದೆ ಅಂಗಿ ಕಳಚಿ ನಿಂತ ಆ 7,653 ಜನರಲ್ಲಿ ಒಬ್ಬನ ಹೆಸರನ್ನಾದರೂ ನಾವು ಬಲ್ಲೆವೇ?

ಕಲ್ಲಿದ್ದಲ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ಮಾತು. 1969ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದ ಸುಮಾರು 40 ಸಾವಿರ ಕಲ್ಲಿದ್ದಲ ಗಣಿಗಾರರು ಕೆಲಸ ನಿಲ್ಲಿಸಿದರು. ಅವರ ಬೇಡಿಕೆ ಕೂಲಿ ಹೆಚ್ಚಳವಲ್ಲ. ಕಪ್ಪು ಶ್ವಾಸಕೋಶವನ್ನು ಗಣಿಯಿಂದ ಬಂದ ರೋಗವೆಂದು ಒಪ್ಪಿಕೊಳ್ಳಿ ಎಂಬುದು. ಆ ವರ್ಷ ಮುಗಿಯುವುದರೊಳಗೆ ಆ ದೇಶದ ಕೇಂದ್ರ ಸರ್ಕಾರವೇ ಧೂಳಿಗೆ ಮಿತಿ ಹಾಕುವ, ರೋಗಿಗಳಿಗೆ ಪರಿಹಾರ ಕೊಡುವ ಕಾಯಿದೆ ತಂದಿತು. ನಮ್ಮಲ್ಲಿ ಕಾಯಿದೆಗೆ ಬರವೇನೂ ಇರಲಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯಿದೆ, 1948ರ ಕಾರ್ಖಾನೆಗಳ ಕಾಯಿದೆ, 1952ರ ಗಣಿ ಕಾಯಿದೆ, ಮೂರರ ವ್ಯಾಪ್ತಿಗೂ ಸಿಲಿಕೋಸಿಸ್ ಬಂದಿತ್ತು. ವೈದ್ಯ ರೋಗವನ್ನು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಟ್ಟಳೆಯೂ ಇತ್ತು. ಇಲ್ಲದ್ದು ಒಂದೇ, ಅದನ್ನು ಸಿಲಿಕೋಸಿಸ್ ಎಂದು ಬರೆಯುವ ಲೇಖನಿ.

ಏಕೆ ಬರೆಯುವುದಿಲ್ಲ? ಕ್ಷಯ ಎಂದು ಬರೆಯುವುದು ಸುಲಭ, ಅದಕ್ಕೆ. ಎರಡರಲ್ಲೂ ಕೆಮ್ಮು, ಎರಡರಲ್ಲೂ ಸೊರಗು, ಎಕ್ಸ್-ರೇಯಲ್ಲಿ ಎರಡೂ ಚುಕ್ಕೆಚುಕ್ಕೆ. ಮೇಲಾಗಿ ಸಿಲಿಕಾ ತುಂಬಿದ ಎದೆಗೆ ಕ್ಷಯ ತಗುಲುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು, ಹಾಗಾಗಿ ಅನೇಕರಿಗೆ ಎರಡೂ ಇರುತ್ತದೆ. ಆದರೆ ಕ್ಷಯವೆಂದರೆ ರೋಗಾಣುವಿನ ತಪ್ಪು, ರೋಗಿಯ ಬಡತನದ ತಪ್ಪು, ಅವನ ಬೀಡಿಯ ತಪ್ಪು. ಸಿಲಿಕೋಸಿಸ್ ಎಂದರೆ ಮಾಲೀಕನ ತಪ್ಪು. ಒಂದು ಪದ ಬದಲಾದರೆ ಹಣ ಕೊಡಬೇಕಾದವನು ಬದಲಾಗುತ್ತಾನೆ.

1980ರ ದಶಕದ ಕೊನೆಯಲ್ಲಿ ಬಂಗಾರಪೇಟೆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದುಂಟು. ಉಸಿರಾಟದ ಪಾಠ ಮುಗಿದ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಗಾಳಿಚೀಲದೊಳಗೆ ಕಲ್ಲು ಹೋದ್ರೆ ವಾಪಸ್ ಬರಲ್ವಾ?" ಎಂದು ಕೇಳಿದ. ಉಳಿದವರು ನಕ್ಕರು. ಅವನ ತಂದೆ ಜಲ್ಲಿ ಕ್ರಷರಿನಲ್ಲಿ ಹನ್ನೆರಡು ವರ್ಷ ದುಡಿದವರು. ಎರಡು ಬಾರಿ ಕ್ಷಯದ ಮಾತ್ರೆಗಳ ಪೂರ್ಣ ಅವಧಿ ಮುಗಿಸಿದ್ದರು, ಕಫದಲ್ಲಿ ಒಮ್ಮೆಯೂ ರೋಗಾಣು ಸಿಕ್ಕಿರಲಿಲ್ಲ. ನಾನು ಅವರ ಮನೆಗೆ ಹೋದಾಗ ಅವರು ಮಂಚದ ಮೇಲೆ ಮಲಗಿರಲಿಲ್ಲ. ಮಲಗಿದರೆ ಉಸಿರು ಬಾರದೆಂದು ಗೋಡೆಗೆ ಒರಗಿ, ಮೊಣಕಾಲಿಗೆ ಕೈಕೊಟ್ಟು ಕುಳಿತಿದ್ದರು. ಮಾತನಾಡುವಾಗ ನಾಲ್ಕು ಪದಕ್ಕೊಮ್ಮೆ ನಿಲ್ಲುತ್ತಿದ್ದರು. "ಮೇಷ್ಟ್ರೇ, ಟಿಬಿ ಅಂತಾರೆ. ಟಿಬಿ ಆದ್ರೆ ಮಾತ್ರೆಗೆ... ಬಗ್ಗಬೇಕಲ್ವಾ?" ಎಂದರು. ಆ ಪ್ರಶ್ನೆಗಿಂತ ಸರಿಯಾದ ರೋಗನಿದಾನವನ್ನು ನಾನು ಎಲ್ಲೂ ಕೇಳಿಲ್ಲ. ಕೆಲಸ ಕೊಟ್ಟವರ ಬಳಿ ಅವರ ಹೆಸರಿದ್ದ ಒಂದು ಹಾಜರಿ ಪುಸ್ತಕವೂ ಇರಲಿಲ್ಲ. ಅವರಿಗಾಗ ವಯಸ್ಸು ನಲವತ್ತೊಂದು. ಮರುವರ್ಷ ಹುಡುಗ ಶಾಲೆ ಬಿಟ್ಟ. ಅದೇ ಕ್ರಷರಿಗೆ ಸೇರಿದ.

ಸರ್ಕಾರಗಳು ಏನೂ ಮಾಡಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕೆಜಿಎಫ್‌ನಲ್ಲಿ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾಯಿತು, ಬಂಡೆ ಯಾವಾಗ ಸಿಡಿಯುತ್ತದೆ, ಏಕೆ ಕುಸಿಯುತ್ತದೆ ಎಂದು ಅಭ್ಯಸಿಸಲು. 1990ರಲ್ಲಿ ರಾಷ್ಟ್ರೀಯ ಗಣಿಕಾರ್ಮಿಕರ ಆರೋಗ್ಯ ಸಂಸ್ಥೆಯೂ ಅಲ್ಲಿಯೇ ಹುಟ್ಟಿತು. ಕಲ್ಲಿಗೆ ಮೊದಲು, ಮನುಷ್ಯನಿಗೆ ಎರಡು ವರ್ಷ ತಡವಾಗಿ, ಇರಲಿ, ಬಂತಲ್ಲ. ಆದರೆ 2019ರಲ್ಲಿ ಕೇಂದ್ರ ಸಂಪುಟ ಆ ಆರೋಗ್ಯ ಸಂಸ್ಥೆಯನ್ನು ವಿಸರ್ಜಿಸಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನಗೊಳಿಸಲು ತೀರ್ಮಾನಿಸಿತು. ಆಡಳಿತದ ದೃಷ್ಟಿಯಿಂದ ಅದು ಸರಿಯಿರಬಹುದು. ದೇಶದಲ್ಲಿ ಯಾವ ಊರಿನ ಎದೆಯಿಂದ ಈ ವಿಷಯದ ಅಧ್ಯಯನ ಆರಂಭವಾಯಿತೋ ಆ ಊರಿನ ಹೆಸರು ವಿಳಾಸದಿಂದಲೂ ಅಳಿಸಿಹೋಗುವುದು ನನಗೆ ಸರಿಯೆನಿಸುವುದಿಲ್ಲ.

"ಕೋಲಾರದ ಮಾತು ಸಾಕು ಸಾರ್, ತಣಿಸಂದ್ರದಲ್ಲಿ ಕುಳಿತ ನಿಮಗೇಕೆ ಈ ಚಿಂತೆ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ತಣಿಸಂದ್ರದಲ್ಲಿ ಕುಳಿತಿರುವುದರಿಂದಲೇ ಚಿಂತೆ. ನಾಗವಾರದಿಂದ ಹೆಗಡೆ ನಗರದತ್ತ ಬರುವ ನಮ್ಮ ಮುಖ್ಯರಸ್ತೆಯ ಇಕ್ಕೆಲಗಳಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇವೆ. ಯಾವ ಕಟ್ಟಡದ ಮುಂದೆ ಬೇಕಾದರೂ ನಿಂತು ಹತ್ತು ನಿಮಿಷ ನೋಡಿ. ಹುಡುಗನೊಬ್ಬ ಗ್ರಾನೈಟ್ ಹಲಗೆಯ ಮೇಲೆ ಕಾಲಿಟ್ಟು, ಕೈಯಲ್ಲಿ ಕಟಿಂಗ್ ಮಷೀನ್ ಹಿಡಿದು, ಒಂದು ತೊಟ್ಟು ನೀರಿಲ್ಲದೆ ಕತ್ತರಿಸುತ್ತಿರುತ್ತಾನೆ. ಬಿಳಿ ಧೂಳು ಎದ್ದು ಅವನ ಹುಬ್ಬು, ರೆಪ್ಪೆ, ತಲೆಗೂದಲೆಲ್ಲ ಮುದುಕನಂತೆ ನರೆತಿರುತ್ತದೆ. ಬಾಯಿಗೆ ಕಟ್ಟಿದ್ದು ಒಂದು ಕರವಸ್ತ್ರ. ಕೆಜಿಎಫ್ ಗಣಿಯಲ್ಲಿ ನೆಲದಡಿ ನಡೆದದ್ದು ಇಲ್ಲಿ ನಾಲ್ಕನೆಯ ಮಹಡಿಯಲ್ಲಿ ನಡೆಯುತ್ತಿದೆ, ಅಷ್ಟೇ ವ್ಯತ್ಯಾಸ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುವ ಗಣಿಗಾರರ ಮಕ್ಕಳು ಮೊಮ್ಮಕ್ಕಳಲ್ಲಿ ಇಂಥ ಕೆಲಸಕ್ಕೆ ಸೇರಿದವರೂ ಇಲ್ಲದಿರಲಾರರು. ಅಜ್ಜನ ಧೂಳು ಮೊಮ್ಮಗನಿಗೆ ಪಿತ್ರಾರ್ಜಿತ.

ಈಗ ಅಡುಗೆಮನೆಯ ಕಟ್ಟೆಗೆ ಗ್ರಾನೈಟಿಗಿಂತ ಕ್ವಾರ್ಟ್ಜ್ ಹಲಗೆ ಅಂದವೆಂದು ಜನ ಮುಗಿಬೀಳುತ್ತಿದ್ದಾರೆ. ಗ್ರಾನೈಟಿನಲ್ಲಿ ಸ್ಫಟಿಕ ಸಿಲಿಕಾ ಸುಮಾರು ಮೂರರಲ್ಲೊಂದು ಪಾಲಾದರೆ, ಕಲ್ಲುಪುಡಿಗೆ ಅಂಟು ಬೆರೆಸಿ ಮಾಡಿದ ಈ ಕೃತಕ ಹಲಗೆಯಲ್ಲಿ ಅದು ಶೇಕಡಾ 90ನ್ನೂ ಮೀರಬಹುದು. ಇದನ್ನು ಕತ್ತರಿಸುವ ಯುವಕರಲ್ಲಿ ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್ ಕಾಣಿಸಿಕೊಂಡದ್ದರಿಂದ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಅದರ ತಯಾರಿಕೆ, ಮಾರಾಟ, ಬಳಕೆಯನ್ನೇ ನಿಷೇಧಿಸಿತು. ಜಗತ್ತಿನಲ್ಲಿ ಮೊದಲ ಬಾರಿಗೆ. ನಮ್ಮಲ್ಲಿ ಅದು ಪ್ರತಿಷ್ಠೆಯ ಸಂಕೇತ. ನನ್ನ ಬಂಧುಗಳಲ್ಲೇ ಮೂವರ ಮನೆಯಲ್ಲಿದೆ. ಹೆಸರು ಹೇಳಿದರೆ ಮುಂದಿನ ಮದುವೆಯಲ್ಲಿ ಊಟಕ್ಕೆ ಕರೆಯಲಾರರು.

ವಾದಕ್ಕೆ ಬರುವವರ ಮೊದಲ ಮಾತು ಗೊತ್ತು: "ಮಾಸ್ಕ್ ಕೊಟ್ಟರೆ ಹಾಕಿಕೊಳ್ಳುವುದಿಲ್ಲ ಸಾರ್, ಅವರದ್ದೇ ನಿರ್ಲಕ್ಷ್ಯ." ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಿಗಿಯಾದ ಮಾಸ್ಕ್ ತೊಟ್ಟು ಎಂಟು ಗಂಟೆ ಕಲ್ಲು ಹೊತ್ತು ನೋಡಿ, ನಂತರ ಮಾತಾಡೋಣ. ಕೋಲಾರದ ಆಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ದಾಟುತ್ತಿತ್ತು. ಅಲ್ಲಿಯೂ ಇದೇ ಉಪದೇಶ ಹೇಳುತ್ತೀರಾ? ಧೂಳು ಏಳದಂತೆ ಮಾಡುವುದು ಮೊದಲ ಕರ್ತವ್ಯ, ಎದ್ದ ಧೂಳನ್ನು ಹೊರಗೆ ಎಳೆಯುವುದು ಎರಡನೆಯದು, ಮಾಸ್ಕ್ ಕಟ್ಟಕಡೆಯದು. ನೀರು ಹಾಯಿಸುತ್ತ ಕೊರೆದರೆ ಧೂಳು ಕೆಸರಾಗಿ ಕೆಳಗೆ ಬೀಳುತ್ತದೆ. ಈ ಉಪಾಯ ಗಣಿಗಳಿಗೆ ನೂರು ವರ್ಷದಿಂದ ಗೊತ್ತು. ಒಂದು ಪ್ಲಾಸ್ಟಿಕ್ ಪೈಪು, ಒಂದು ಬಕೆಟ್ ನೀರು. ಆದರೆ ನೀರು ಹಾಯಿಸಿದರೆ ಕೆಸರಾಗುತ್ತದೆ, ಬಳಿಯಬೇಕು, ಕೆಲಸ ನಿಧಾನವಾಗುತ್ತದೆ, ಕೊಳವೆಬಾವಿಯ ನೀರಿಗೆ ದುಡ್ಡು. ಮನುಷ್ಯನ ಶ್ವಾಸಕೋಶ ಇವೆಲ್ಲಕ್ಕಿಂತ ಅಗ್ಗ ಎಂಬುದು ಇಲ್ಲಿನ ಲೆಕ್ಕಾಚಾರ.

ಎರಡನೆಯ ಮಾತು, "ಕಾನೂನು ಇದೆಯಲ್ಲ." ಇದೆ. ಹಳೆಯ ಕಾಯಿದೆಗಳ ಬದಲಿಗೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ, ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಅಲ್ಲಿಯೂ ಇದೆ. ಆದರೆ ವಿದ್ಯುತ್ ಬಳಸುವಲ್ಲಿ 10 ಜನರಿದ್ದರೆ ಕಾರ್ಖಾನೆ ಎನಿಸುತ್ತಿದ್ದದ್ದು ಹೊಸ ಸಂಹಿತೆಯಲ್ಲಿ 20 ಜನಕ್ಕೆ ಏರಿದೆ. ಏಳೆಂಟು ಜನರ ಕಲ್ಲು ಪಾಲಿಶ್ ಅಂಗಡಿ ಅಂದೂ ಹೊರಗಿತ್ತು, ಇಂದೂ ಹೊರಗಿದೆ. ಹದಿನೈದು ಜನರದ್ದು ಈಗ ಕಾರ್ಖಾನೆಯೇ ಅಲ್ಲ. ಧೂಳಿಗೆ ಹಾಜರಿ ಪುಸ್ತಕ ಎಣಿಸಲು ಬರುವುದಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆಯಂಗಳದಲ್ಲೇ ಕುಳಿತು ದೇವರ ವಿಗ್ರಹ ಕೆತ್ತುವ ಶಿಲ್ಪಿಗೆ ಯಾರು ಮಾಲೀಕ? ಅವನು ಯಾರ ಮೇಲೆ ದೂರು ಕೊಡಬೇಕು?

ದೂರು ಕೊಟ್ಟವರ ಕಥೆಯನ್ನೂ ಕೇಳಿ. ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚುಕಲ್ಲು ಪುಡಿ ಮಾಡುವ ಘಟಕಗಳಿಗೆ ಮಧ್ಯಪ್ರದೇಶದ ಆದಿವಾಸಿಗಳು ಕೂಲಿಗೆ ಹೋದರು, ಎದೆ ತುಂಬಿಕೊಂಡು ಊರಿಗೆ ಮರಳಿದರು, ಸತ್ತರು. 2006ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಪ್ರಕರಣದಲ್ಲಿ, ಮೃತಪಟ್ಟ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಆದೇಶವಾದದ್ದು 2016ರ ಮೇ ತಿಂಗಳಲ್ಲಿ. ಹತ್ತು ವರ್ಷ! ರಾಜಸ್ಥಾನ ಸರ್ಕಾರ 2019ರಲ್ಲಿ ಈ ರೋಗಕ್ಕೆಂದೇ ಒಂದು ನೀತಿ ರೂಪಿಸಿತು. ರೋಗ ದೃಢಪಟ್ಟಾಗ 3 ಲಕ್ಷ, ಮರಣಿಸಿದರೆ ಕುಟುಂಬಕ್ಕೆ ಮತ್ತೆ 2 ಲಕ್ಷ, ಜೊತೆಗೆ ಮಾಸಾಶನ. ಎಲ್ಲಿ ಕೆಲಸ ಮಾಡಿದೆ, ಮಾಲೀಕ ಯಾರು, ರಸೀದಿ ಎಲ್ಲಿ ಎಂದು ಸಾಯುವವನನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಬದಲು ಮೊದಲು ಹಣ ಕೊಡುವುದು ಮನುಷ್ಯತ್ವ. ಅಲ್ಲಿ ಲೋಪಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಚಿನ್ನದ ನಾಡೆಂದು ಬೀಗುವ ನಾವು, ಇಂದಿಗೂ ಹಟ್ಟಿಯಲ್ಲಿ ನೆಲದಡಿ ಚಿನ್ನ ತೆಗೆಯುತ್ತಿರುವ ನಾವು, ಈ ವಿಷಯದಲ್ಲಿ ರಾಜಸ್ಥಾನಕ್ಕಿಂತ ಮುಂದಿರಬೇಕಾಗಿತ್ತು ಎಂಬುದು ನನ್ನ ವಾದ.

ಮತ್ತೆ ಆ 13 ದಿಬ್ಬಗಳಿಗೆ ಬರುತ್ತೇನೆ. ಕೆಜಿಎಫ್ ಜನ ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಅರೆದು ಹಿಟ್ಟಾದ ಬೆಣಚುಕಲ್ಲು ಸುಮಾರು 3.3 ಕೋಟಿ ಟನ್ ಅಲ್ಲಿದೆ. ಆಷಾಢದ ಗಾಳಿ ಬೀಸಿದರೆ ಆ ಹುಡಿ ಮನೆಮನೆಯ ಅನ್ನದ ತಟ್ಟೆಗೆ ಬೀಳುತ್ತದೆ ಎಂಬುದು ಅಲ್ಲಿನವರ ಹಳೆಯ ದೂರು. ಈಗ ಅದನ್ನು ಜೆಸಿಬಿಯಿಂದ ಕೆದಕಿ, ಲಾರಿಗೆ ತುಂಬಿ, ಮತ್ತೆ ಅರೆಯಬೇಕು. ಉದ್ಯೋಗ ಬರುತ್ತದೆ, ಬರಲಿ; ಆ ಊರಿಗೆ ಅದು ಬೇಕು. ಆದರೆ ಮೊದಲ ಲಾರಿ ಹೊರಡುವ ಮೊದಲು ಬದುಕಿರುವ ಪ್ರತಿಯೊಬ್ಬ ನಿವೃತ್ತ ಗಣಿಕಾರ್ಮಿಕನ ಎದೆಯ ಎಕ್ಸ್-ರೇ ಸರ್ಕಾರದ ಖರ್ಚಿನಲ್ಲಿ ಆಗಬೇಕು. ದಿಬ್ಬದ ಬುಡದಲ್ಲಿ ವಾಸಿಸುವವರದ್ದೂ ಆಗಬೇಕು. ಇಲ್ಲದಿದ್ದರೆ ಇಪ್ಪತ್ತು ವರ್ಷದ ನಂತರ ಹೊಸ ಗುತ್ತಿಗೆದಾರ "ಇದು ಹಳೆಯ ಗಣಿಯ ರೋಗ" ಎನ್ನುತ್ತಾನೆ, ಹಳೆಯ ಕಂಪನಿಯಂತೂ ಇಲ್ಲವೇ ಇಲ್ಲ. ಔದ್ಯೋಗಿಕ ಆರೋಗ್ಯದ ಪ್ರಾದೇಶಿಕ ಕೇಂದ್ರವೊಂದು ನಮ್ಮ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಬಳಿಯೇ ಇದೆ. ಪರಿಣತರನ್ನು ಹುಡುಕಿಕೊಂಡು ಕಾರ್ಡಿಫ್‌ಗೆ ಹೋಗಬೇಕಾಗಿಲ್ಲ. ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ಪ್ರತಿ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತದೆ. ಕಲ್ಲು ಕತ್ತರಿಸುವ ಹುಡುಗರಿಗೆ ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ ಮಾಡಿಸಲು ಆ ಹಣ ಸಾಲದೇ?

ಸದ್ಯಕ್ಕೆ ನನ್ನ ಕೈಲಾದದ್ದು ಇಷ್ಟು. ನಮ್ಮ ಅಪಾರ್ಟ್‌ಮೆಂಟಿನ ಸಂಘ ಮೊಗಸಾಲೆಗೂ ಮೆಟ್ಟಿಲುಗಳಿಗೂ ಹೊಸ ಗ್ರಾನೈಟ್ ಹಾಸಲು ನಿರ್ಧರಿಸಿದೆ. ನೀರು ಹಾಯಿಸದೆ ಒಂದು ಕಲ್ಲನ್ನೂ ಕತ್ತರಿಸಕೂಡದು, ನೀರಿನ ಖರ್ಚು ಸಂಘದ್ದು, ಕೆಲಸಗಾರರ ಹೆಸರು ಮತ್ತು ದಿನಾಂಕಗಳಿರುವ ಹಾಜರಿ ಪುಸ್ತಕದ ಒಂದು ಪ್ರತಿ ಅವರ ಕೈಗೇ ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಲು ಪತ್ರ ಕೊಟ್ಟಿದ್ದೇನೆ. ಕಾರ್ಯದರ್ಶಿಗಳು ನಕ್ಕು, "ಮೇಷ್ಟ್ರು ಇನ್ನೂ ರಿಟೈರ್ ಆಗಿಲ್ಲ" ಎಂದರಂತೆ. ಬರುವ ಭಾನುವಾರ ಹನ್ನೊಂದು ಗಂಟೆಗೆ ಸಭೆ. ನಿಮ್ಮಲ್ಲಿ ಸಿವಿಲ್ ಇಂಜಿನಿಯರುಗಳಾದವರು ಅನೇಕರಿದ್ದೀರಿ. ನೀರು ಹಾಯಿಸಿ ಕತ್ತರಿಸಿದರೆ ಚದರಡಿಗೆ ನಿಜವಾಗಿ ಎಷ್ಟು ಹೆಚ್ಚು ಬೀಳುತ್ತದೆ ಎಂಬ ಅಂಕಿಯನ್ನು ಶನಿವಾರ ರಾತ್ರಿಯೊಳಗೆ ನನಗೆ ಬರೆದು ಕಳುಹಿಸಿ.